ಕುಡಿದಿದ್ದ ಎಂಬ ಒಂದು ಮಾತು

ಒಂದು ಹೇಳಿಕೆಯ ಸುದ್ದಿಯಿಂದ ಶುರು ಮಾಡುತ್ತೇನೆ. ಅದನ್ನು ಬರೆದ ಕೈ ನನ್ನದು, ಅದಕ್ಕೇ ಈ ಲೇಖನ.

ನಾನು ಕುಂಚಾವರಂ ಕಡೆಯವ. ಚಿಂಚೋಳಿ ತಾಲೂಕಿನ ಅಂಚು, ಅತ್ತ ತೆಲಂಗಾಣ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ, ಪ್ಯಾಟಿಯಲ್ಲಿ ಉರ್ದು. ಮಳೆ ನೆಚ್ಚಿದ ತೊಗರಿ ಬಿಟ್ಟರೆ ಕೆಲಸ ಕಡಿಮೆ. ರಾಶಿ ಮುಗಿದ ಮೇಲೆ ಕೇರಿಯ ಮಂದಿ, ತಾಂಡಾದ ಮಂದಿ ಗಂಟು ಕಟ್ಟುತ್ತಾರೆ. ಕೆಲವರು ಹೈದರಾಬಾದು, ಪುಣೆ, ಮುಂಬಯಿ. ಕೆಲವರು ಹತ್ತಿರದ ತಾಂಡೂರು, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಕಲ್ಲಿನ ಖಣಿಗಳಿಗೆ, ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕೆಲಸಕ್ಕೆ. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಇಲ್ಲಿಂದ ಎದ್ದದ್ದು. ನಾವು ಅದಕ್ಕೆ ಪರ್ಸಿ ಅನ್ನುತ್ತೇವೆ. ಹಾರಿ ಹಾಕಿ ಎಬ್ಬಿಸಿದರೆ ಪದರು ಪದರಾಗಿ ಏಳುತ್ತದೆ. ಏಳಿಸುವವರ ಮನೆಯ ನೆಲ ಮಾತ್ರ ಇನ್ನೂ ಸಗಣಿ ಸಾರಿಸಿದ್ದು.

2014ರ ಬೇಸಿಗೆ ಸೂಟಿ. ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊರ ಹೊರಗೆ ಒಂದು ಸಣ್ಣ ಖಣಿ. ಅಲ್ಲಿ ನಮ್ಮ ಕೇರಿಯವನೇ ಒಬ್ಬ ಹೆಂಡತಿ ಮಕ್ಕಳ ಸಮೇತ ಇದ್ದ. ಮಧ್ಯಾಹ್ನ ಎರಡರ ಸುಮಾರಿಗೆ ಒಬ್ಬ ಹುಡುಗ ಓಡಿ ಬಂದ. "ಸರ, ಲಗೂನ ಬರ್ರಿ, ಬರಿಯಾವರು ಬೇಕಾಗ್ಯಾರ." ಹೋದೆ. ಲಾರಿಗೆ ಕಲ್ಲು ಏರಿಸುವಾಗ ಪರ್ಸಿ ಜಾರಿ ಅವನ ಬಲಗೈ ಮೇಲೆ ಬಿದ್ದಿತ್ತು. ಅವನನ್ನು ಅದೇ ಲಾರಿಯಲ್ಲಿ ದವಾಖಾನೆಗೆ ಒಯ್ದಿದ್ದರು. ಮುಕಾದಮ ಒಂದು ಬಿಳಿ ಹಾಳೆ ಹಿಡಿದು ಕೂತಿದ್ದ. "ಮಾಸ್ತರ್, ನೀವು ಕಲ್ತವ್ರು. ಏನಾತೋ ಹಂಗೇ ಬರೀರಿ. ಸುಳ್ಳ ಬರೀಬ್ಯಾಡ್ರಿ."

ಜೊತೆಗಾರನನ್ನು ಕೇಳಿದೆ. ಮುಕಾದಮನೂ ಕೇಳಿದ, "ಕುಡದಿದ್ದಿಲ್ಲೇನು ಅಂವ?" ಜೊತೆಗಾರ ನೆಲ ನೋಡಿದ. "ಹೌದ್ರಿ. ಮುಂಜಾನಿ ಒಂದು ನೈಂಟಿ ಹಾಕಿದ್ದ." ನಾನು ಬರೆದೆ: ಸದರಿಯವನು ಆ ಸಮಯದಲ್ಲಿ ಮದ್ಯಪಾನ ಮಾಡಿದ್ದನು. ನಾಲ್ಕು ಮಂದಿ ಹೆಬ್ಬೆಟ್ಟು ಒತ್ತಿದರು. ಬರೆದವರು ಅಂತ ಕೆಳಗೆ ನನ್ನ ಸಹಿ.

ಅವನ ಮೂರು ಬೆರಳು ಹೋದವು. ಗುತ್ತೇದಾರ ಮೊದಲ ದಿನದ ದವಾಖಾನೆ ಖರ್ಚು ಕೊಟ್ಟ, ಆಮೇಲೆ ಐದು ಸಾವಿರ ಕೊಟ್ಟ, ಕೊಡುವಾಗ ಮನುಷ್ಯತ್ವದಿಂದ ಕೊಡುತ್ತಿದ್ದೇನೆ ಅಂತ ನಾಲ್ಕು ಮಂದಿ ಎದುರು ಹೇಳಿದ. ಪರಿಹಾರ ಅಂತ ಕೇಳಲು ಹೋದಾಗ ನಾನು ಬರೆದ ಹಾಳೆ ತೋರಿಸಿದ. ಅಲ್ಲಿಗೆ ಮುಗಿಯಿತು.

ನಾನು ಸುಳ್ಳು ಬರೆದಿರಲಿಲ್ಲ. ಕುಡಿದಿದ್ದು ಖರೆ. ಹಾಗಾದರೆ ನನ್ನ ತಪ್ಪೇನು? ಗೆಳೆಯರೆ, ಈ ಪ್ರಶ್ನೆಯನ್ನು ನಾನು ಬಹಳ ವರ್ಷ ಹೊತ್ತು ತಿರುಗಿದ್ದೇನೆ. ಖರೆ ಹೇಳುವುದು ನೀತಿ ಎಂದು ಮಕ್ಕಳಿಗೆ ದಿನಾ ಹೇಳುವ ಕೆಲಸ ನನ್ನದು.

*

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಬ್ರಿಟಿಷರು 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ತಂದರು. ಕೆಲಸದಲ್ಲಿ ಗಾಯವಾದರೆ ಮಾಲಕ ಪರಿಹಾರ ಕೊಡಬೇಕು. ಯಾವ ಅಂಗಕ್ಕೆ ಎಷ್ಟು ಎಂದು ಹಿಂದೆ ಒಂದು ಪಟ್ಟಿ. ಮೂರು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತೆಂದು ಲೆಕ್ಕ, ನಾಲ್ಕು ಹೋದರೆ 50, ಹೆಬ್ಬೆರಳೊಂದಕ್ಕೆ 30. ಸಂತೆಯಲ್ಲಿ ದನದ ಹಲ್ಲು ಎಣಿಸಿದ ಹಾಗೆ. ಅದಿರಲಿ, ಎಣಿಸಿದರಲ್ಲ, ಅಷ್ಟಾದರೂ ಒಳ್ಳೆಯದೇ.

ಆದರೆ ಆ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ಬಾಗಿಲು ಬಿಟ್ಟಿದ್ದರು. ಗಾಯವಾದಾಗ ಕೆಲಸಗಾರ ಕುಡಿದ ಅಮಲಿನಲ್ಲಿದ್ದರೆ, ಅಪಘಾತ ನೇರವಾಗಿ ಆ ಅಮಲಿನಿಂದಲೇ ಆಗಿದ್ದರೆ, ಮಾಲಕ ಪರಿಹಾರ ಕೊಡಬೇಕಾಗಿಲ್ಲ. ಸತ್ತರೆ ಮಾತ್ರ ಕೊಡಬೇಕು. ದುಡಿಯುವ ಶಕ್ತಿ ಪೂರ್ತಿ ಕಾಯಮ್ಮಾಗಿ ಹೋದರೆ ಕೊಡಬೇಕು ಎಂದು 1995ರಲ್ಲಿ ಸೇರಿಸಿದರು. 2020ರಲ್ಲಿ ಮಾಡಿದ ಸಾಮಾಜಿಕ ಭದ್ರತಾ ಸಂಹಿತೆಗೂ ಈ ಮಾತು ಹೆಚ್ಚುಕಮ್ಮಿ ಹಾಗೇ ಇಳಿದು ಬಂದಿದೆ. ನೂರು ವರ್ಷ ಕಳೆದರೂ ಬಾಗಿಲು ಅಲ್ಲೇ ಇದೆ.

ಅಂದರೆ ನಮ್ಮವನು ಸತ್ತಿದ್ದರೆ ಹೆಂಡತಿಗೆ ಪರಿಹಾರ. ಮೂರು ಬೆರಳು ಕಳಕೊಂಡು ಬದುಕಿ ಉಳಿದದ್ದಕ್ಕೆ ಏನೂ ಇಲ್ಲ.

ಈ ಕಲಮನ್ನು ನಾನು ಓದಿದ್ದು 2018ರಲ್ಲಿ, ಒಂದು ಅಧ್ಯಯನ ಶಿಬಿರದಲ್ಲಿ. ಅಲ್ಲಿ ಒಬ್ಬ ವಕೀಲರು "ನೇರವಾಗಿ" ಎಂಬ ಶಬ್ದದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತೋರಿಸಿದರು. ಕುಡಿದಿದ್ದ ಅನ್ನುವುದಷ್ಟೇ ಸಾಲದು, ಕುಡಿದದ್ದರಿಂದಲೇ ಕಲ್ಲು ಬಿತ್ತು ಎಂದು ತೋರಿಸಬೇಕು, ತೋರಿಸುವ ಹೊರೆ ಮಾಲಕನದು. ನಾನು ಅಂದು ಆ ಹೊರೆಯನ್ನು ಅವನ ಹೆಗಲಿಂದ ಇಳಿಸಿಕೊಟ್ಟಿದ್ದೆ. ಪುಕ್ಕಟೆ, ಒಳ್ಳೆ ಅಕ್ಷರದಲ್ಲಿ.

ಏಕೆಂದರೆ ಅಲ್ಲಿ ಬೇರೆ ಖರೆಗಳೂ ಇದ್ದವು. ಮೂರು ಮಂದಿ ಹೊರುವ ಪರ್ಸಿಯನ್ನು ಇಬ್ಬರು ಹೊತ್ತಿದ್ದರು, ಮೂರನೆಯವನನ್ನು ಮುಕಾದಮ ಬೇರೆ ಲಾರಿಗೆ ಕಳಿಸಿದ್ದ. ಲಾರಿಗೆ ಆನಿಸಿದ ಹಲಗೆ ಸೀಳಿತ್ತು, ಎಂಟು ದಿನದಿಂದ ಹೇಳುತ್ತಿದ್ದರು. ಬಿಸಿಲು 42, 43 ಡಿಗ್ರಿ, ಖಣಿಯ ತಗ್ಗಿನಲ್ಲಿ ಅದಕ್ಕಿಂತ ಹೆಚ್ಚು, ಕುಡಿಯುವ ನೀರಿನ ಕೊಡ ಹನ್ನೊಂದಕ್ಕೇ ಖಾಲಿ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೆ. ಸೀಳಿದ ಹಲಗೆ ನನ್ನ ಕಾಲ ಹತ್ತಿರವೇ ಬಿದ್ದಿತ್ತು. ಯಾರೂ ಕೇಳಲಿಲ್ಲ, ನಾನು ಬರೆಯಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಬರೆಯುವುದು ನಾವು ಶಾಲೆಯಲ್ಲಿ ಕಲಿತ ಪಾಠ.

*

ಇಲ್ಲಿಗೆ ನಿಲ್ಲಿಸಿದರೆ ಸುಲಭ. ಧಣಿ ಕೆಟ್ಟವ, ಬಡವ ಒಳ್ಳೆಯವ, ಬರೆದವ ದಡ್ಡ. ನಮ್ಮ ಪತ್ರಿಕೆಗಳಲ್ಲಿ ಇಂಥ ಲೇಖನ ಬೇಕಾದಷ್ಟು ಬಂದಿವೆ, ನಾನೂ ಒಂದೆರಡು ಬರೆದಿದ್ದೇನೆ. ಆದರೆ ಕುಡಿತದ ಪ್ರಶ್ನೆ ಅಷ್ಟಕ್ಕೆ ಬಗ್ಗುವುದಿಲ್ಲ.

ಕುಡಿತದ ಬಗ್ಗೆ ಉಳ್ಳವರದು ಒಂದು ಉತ್ತರ: ಈ ಜನ ಕುಡೀತಾರ, ಅದಕ್ಕೇ ಬಡವರಾಗ್ಯಾರ. ಇದನ್ನು ಹೇಳುವವರು ಸಂಜೆ ಎಲ್ಲಿ ಕೂರುತ್ತಾರೆ ಎಂದು ನಮಗೆ ಗೊತ್ತು. ಕಾಲೊನಿಯ ಕ್ಲಬ್ಬಿನಲ್ಲಿ ಕೂತರೆ ಸಾಹೇಬರು ಡ್ರಿಂಕ್ಸ್ ತಗೊಂಡರು, ರಸ್ತೆ ಬದಿ ನಿಂತರೆ ಕುಡುಕ. ನಮ್ಮ ಇಲಾಖೆಯನ್ನೇ ನೋಡಿ. ಕುಡಿದು ಶಾಲೆಗೆ ಬರುವ ಮಾಸ್ತರ ಇಲ್ಲವೇ? ಸಿಕ್ಕಿಬಿದ್ದರೆ ಅಮಾನತು, ವಿಚಾರಣೆ, ಆ ತನಕ ಅರ್ಧ ಪಗಾರ ಜೀವನಾಂಶ ಭತ್ಯೆ. ಗುತ್ತಿಗೆ ಕೆಲಸಗಾರ ಸಿಕ್ಕಿಬಿದ್ದರೆ ಗೇಟಿನಾಚೆ. ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಈಗ ಬಾಯಿ ಊದಿಸಿ ನೋಡುವ ಯಂತ್ರವಿದೆ. ಇರಲಿ, ಇರಬೇಕು, ಬೆಂಕಿಯ ಭಟ್ಟಿ, ತಿರುಗುವ ಬೆಲ್ಟಿನ ನಡುವೆ ಅಮಲಿನವನು ನಿಲ್ಲಬಾರದು. ಆದರೆ ಊದಿಸಿ ಹೊರಗೆ ಹಾಕಿದವನ ಅಂದಿನ ಕೂಲಿ ಹೋಯಿತು, ನಾಳೆ ಅವನ ಜಾಗಕ್ಕೆ ಇನ್ನೊಬ್ಬ. ಅವನು ದವಾಖಾನೆಗೆ ಹೋದನೋ ಸೇಂದಿಖಾನೆಗೆ ಹೋದನೋ ಯಂತ್ರಕ್ಕೆ ಬೇಕಾಗಿಲ್ಲ.

ನಮ್ಮ ಉತ್ತರ ಇನ್ನೊಂದು: ವ್ಯವಸ್ಥೆ ಅವನನ್ನು ಕುಡಿಸಿತು. ಇದರಲ್ಲಿ ಸತ್ಯ ಬಹಳಿದೆ. ಮಲದ ಗುಂಡಿಗೆ ಇಳಿಯುವವನನ್ನು ಕೇಳಿ, ಕುಡಿಯದೆ ಇಳಿಯಲಾಗದು ಅನ್ನುತ್ತಾನೆ. ತಲೆಯ ಮೇಲೆ ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲೇ ನಿಲ್ಲಿಸಲು ಹೊರಟರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೊಮ್ಮೆ 2013ರಲ್ಲಿ. ನಡುವೆ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಗೆ ಮಲ ಸುರಿದುಕೊಂಡು ನಿಂತು ನಾಡಿಗೆ ನಾಚಿಕೆ ಕಲಿಸಬೇಕಾಯಿತು. ಆ ನಾತದೊಳಗೆ ಇಳಿಯುವವನಿಗೆ ನೀನೇಕೆ ಕುಡಿದೆ ಎಂದು ಕೇಳುವ ಬಾಯಿ ನನಗಿಲ್ಲ.

ಕುಡಿಸಿ ದುಡಿಸಿಕೊಳ್ಳುವುದು ಬರೀ ನಮ್ಮಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಬಿಳಿಯ ಧಣಿಗಳು ಕರಿಯ ಮತ್ತು ಮಿಶ್ರ ಜನಾಂಗದ ಕೂಲಿಗಳಿಗೆ ಕೂಲಿಯ ಭಾಗವಾಗಿ ದಿನಕ್ಕೆ ಹಲವು ಸಲ ಅಗ್ಗದ ವೈನ್ ಕೊಡುತ್ತಿದ್ದರು. ಅದಕ್ಕೆ ಡಾಪ್ ಪದ್ಧತಿ ಎಂದು ಹೆಸರು. 1960ರ ದಶಕದಲ್ಲಿ ಕಾನೂನು ಬೇಡವೆಂದರೂ 1990ರ ದಶಕದ ತನಕ ಅಲ್ಲಲ್ಲಿ ನಡೆಯಿತು. ಬಸಿರಿನಲ್ಲೇ ಮದ್ಯದಿಂದ ಕೆಟ್ಟು ಹುಟ್ಟುವ ಕೂಸುಗಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ಕಡೆಗಳಲ್ಲಿ ಅದೂ ಒಂದು. ಇಂಗ್ಲೆಂಡಿನಲ್ಲಿ ಹೆಂಡದಂಗಡಿಯೊಳಗೆ ಕೂಲಿ ಬಟವಾಡೆ ಮಾಡಕೂಡದು ಎಂದು 1883ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು.

ನಮ್ಮ ಕಡೆ ಗುತ್ತೇದಾರ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥ. ಕೆಲಸದ ಗುತ್ತಿಗೆ ಹಿಡಿದವನೂ ಗುತ್ತೇದಾರ, ಹೆಂಡದ ಗುತ್ತಿಗೆ ಹಿಡಿದವನೂ ಗುತ್ತೇದಾರ. ಇದು ನಿಜಾಮನ ಕಾಲದ ಬಳುವಳಿ. ಅವನ ಬೊಕ್ಕಸಕ್ಕೆ ಆಬ್ಕಾರಿ ದೊಡ್ಡ ಆದಾಯ. 1948ರಲ್ಲಿ ನಿಜಾಮ ಹೋದ, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು, ಆಬ್ಕಾರಿ ಮಾತ್ರ ಅಬಕಾರಿಯಾಗಿ ಉಳಿಯಿತು. 2007ರ ಜುಲೈ 1ರಿಂದ ಕರ್ನಾಟಕ ಸರ್ಕಾರ ಸಾರಾಯಿ ನಿಷೇಧಿಸಿತು. ಕೇರಿಯಲ್ಲಿ ಹೋಳಿಗೆ ಮಾಡಿದವರಿದ್ದಾರೆ. ಆಮೇಲೆ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಸಣ್ಣ ಡಬ್ಬಿ ಬಂತು, ಸರ್ಕಾರದ್ದೇ ಎಂಎಸ್‌ಐಎಲ್ ಅಂಗಡಿ ಹೋಬಳಿಗೆ ಬಂತು. 2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಇದೇ ಸರ್ಕಾರದ ಸಂವಿಧಾನದ 47ನೇ ವಿಧಿ ಮದ್ಯ ನಿಲ್ಲಿಸಲು ಯತ್ನಿಸು ಎನ್ನುತ್ತದೆ. ಗುರಿ ಮುಟ್ಟಬೇಕಾದರೆ ನಮ್ಮವನು ಮುಂಜಾನೆ ನೈಂಟಿ ಹಾಕಲೇಬೇಕು. ಹಾಕಿದ್ದಕ್ಕೆ ಅವನ ಪರಿಹಾರ ಕತ್ತರಿಸುವುದೂ ಅದೇ ಪ್ರಭುತ್ವದ ಕಾಯ್ದೆ.

ಇಷ್ಟೆಲ್ಲ ನಿಜವಿದ್ದೂ "ವ್ಯವಸ್ಥೆ ಕುಡಿಸಿತು" ಎಂಬ ನಮ್ಮ ಉತ್ತರದಲ್ಲಿ ನನಗೊಂದು ಮುಳ್ಳು ಕಾಣುತ್ತದೆ. ಆ ಮಾತಿನಲ್ಲಿ ಕುಡಿದವನು ಎಲ್ಲಿದ್ದಾನೆ? ಧಣಿಯ ಮಾತಿನಲ್ಲಿ ಅವನು ದನ, ನಮ್ಮ ಮಾತಿನಲ್ಲಿ ಗಾಳಿಗೆ ಬಿದ್ದ ಎಲೆ. ಅದೇ ಕೇರಿಯಲ್ಲಿ, ಅದೇ ಖಣಿಯಲ್ಲಿ, ಅದೇ ಬಿಸಿಲಿನಲ್ಲಿ ಕುಡಿಯದವರೂ ಇದ್ದರು. ಅವನ ಹೆಂಡತಿಯೇ ಇದ್ದಳು. ಅವಳೂ ಕಲ್ಲು ಹೊತ್ತಳು, ಕೂಲಿ ಅವನಿಗಿಂತ ಕಡಿಮೆ, ರಾತ್ರಿ ಒದೆಯೂ ತಿಂದಳು. ವ್ಯವಸ್ಥೆ ಅವಳನ್ನು ಯಾಕೆ ಕುಡಿಸಲಿಲ್ಲ? ಗಂಡಸಿನ ಕುಡಿತಕ್ಕೆ ವ್ಯವಸ್ಥೆಯ ಕಾರಣ ಕೊಡುವಾಗ ಹೆಂಗಸಿನ ಬೆನ್ನಿನ ಬಾಸುಂಡೆ ನಮ್ಮ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ.

*

ಬಾಬಾಸಾಹೇಬರು ಈ ಗಂಟನ್ನು ಹೇಗೆ ಹಿಡಿದರು ಎಂದು ನೋಡಿದಾಗ ನನಗೆ ಮೊದಲು ಗೊಂದಲವಾಯಿತು. 1927ರಲ್ಲಿ ಮಹಾಡದಲ್ಲಿ ಹೆಣ್ಣುಮಕ್ಕಳಿಗೆ ಅವರು ಹೇಳಿದ ಮಾತುಗಳಲ್ಲಿ ಒಂದು, ಗಂಡ ಮಕ್ಕಳು ಕುಡಿದು ಬಂದರೆ ಅನ್ನ ಹಾಕಬೇಡಿ ಎಂಬುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಕೊಟ್ಟಾಗ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಇತ್ತು. ಆದರೆ ಇವೆರಡರ ನಡುವೆ, 1951ರ ಚುನಾವಣೆಗೆ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟ ಹೊರಡಿಸಿದ ಪ್ರಣಾಳಿಕೆ ಸರ್ಕಾರಿ ಪಾನನಿಷೇಧವನ್ನು ಶುದ್ಧ ಹುಚ್ಚುತನ ಎಂದು ಕರೆಯಿತು. ತಡೆಯಹೊರಟ ಕೇಡಿಗಿಂತ ಹೆಚ್ಚಿನ ಕೇಡು ಮಾಡುತ್ತಿದೆ, ಭಟ್ಟಿ ಇಳಿಸುವುದು ಮನೆಯ ಉದ್ಯೋಗವಾಗಿದೆ, ಕೈಬಿಡಿ ಎಂದಿತು.

ಕುಡಿಯಬೇಡ ಎಂದವರೇ ನಿಷೇಧ ಬೇಡ ಎಂದರೆ ಹೇಗೆ? ನನಗೆ ತಿಳಿದ ಮಟ್ಟಿಗೆ ಇದರಲ್ಲಿ ವಿರೋಧವಿಲ್ಲ. ಪ್ರತಿಜ್ಞೆ ನಾನು ನನ್ನ ಬಾಯಿಂದ ಮಾಡುವುದು. ನಿಷೇಧ ಇನ್ನೊಬ್ಬ ನನ್ನ ಮೇಲೆ ಹೇರುವುದು. ಸಾವಿರಾರು ವರ್ಷ ಏನು ತಿನ್ನಬೇಕು, ಯಾವ ಬಾವಿ ಮುಟ್ಟಬಾರದು ಎಂದು ಬೇರೆಯವರೇ ಹೇಳುತ್ತ ಬಂದ ಜನಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮದ್ಯದ ಮಾತು ಬಂದಾಗ ಆದಿವಾಸಿಗಳ ಪರವಾಗಿ ಜೈಪಾಲ್ ಸಿಂಗ್ ಎದ್ದು ನಿಂತದ್ದೂ ಇದಕ್ಕೇ. ಅಕ್ಕಿಯ ಹೆಂಡ ನಮ್ಮ ದೇವರ ಕಾರ್ಯಕ್ಕೆ ಬೇಕು, ನಮ್ಮ ಧರ್ಮದಲ್ಲಿ ಕೈ ಹಾಕಬೇಡಿ ಎಂಬುದು ಅವರ ತಕರಾರು. ನಮ್ಮ ತಾಂಡಾ, ಕೇರಿಗಳಲ್ಲೂ ದೇವರಿಗೆ ಸೇಂದಿ ಇಡುತ್ತೇವೆ. ಜಾತ್ರೆಯ ಸೇಂದಿಯನ್ನೂ ಖಣಿಯ ನೈಂಟಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಆಗುವುದಿಲ್ಲ. ಹಾಗೆಂದು ಜಾತ್ರೆಯ ಹೆಸರು ಹೇಳಿ ಖಣಿಯ ನೈಂಟಿ ಮುಚ್ಚುವುದೂ ಆಗುವುದಿಲ್ಲ.

ಬೌದ್ಧರ ಐದನೆಯ ಶೀಲವನ್ನು ಗಮನಿಸಿ. ಮದ್ಯ ಬೇಡ ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ, ಕಾರಣವನ್ನೂ ಹೇಳುತ್ತದೆ: ಪಮಾದ. ಮೈಮರೆವು, ಎಚ್ಚರಗೇಡಿತನ. ಮೈಲಿಗೆಯಾಗುತ್ತದೆ, ದೇವರು ಸಿಟ್ಟಾಗುತ್ತಾನೆ ಎಂಬ ಮಾತೇ ಇಲ್ಲ. ಎಚ್ಚರ ತಪ್ಪುತ್ತದೆ, ಅಷ್ಟೆ. ಖಣಿಯ ತಗ್ಗಿನಲ್ಲಿ ನಿಂತವನಿಗೆ ಇದು ಪರಲೋಕದ ಮಾತಲ್ಲ. ಪರ್ಸಿಯ ಈ ತುದಿ ಹಿಡಿದವನ ಎಚ್ಚರದ ಮೇಲೆ ಆ ತುದಿ ಹಿಡಿದವನ ಕಾಲು ನಿಂತಿದೆ.

*

ಇಷ್ಟು ಹೊತ್ತು ಕುಡಿದವನ ಬಗ್ಗೆ ಮಾತಾಡಿದೆ. ನಿಜವಾದ ಕಷ್ಟದ ಪ್ರಶ್ನೆ ಆ ತುದಿ ಹಿಡಿದವನದು. ಜೊತೆಗಾರ ಮುಂಜಾನೆ ಕುಡಿದು ಬಂದಿದ್ದಾನೆ. ನೀನು ಮುಕಾದಮನಿಗೆ ಹೇಳುತ್ತೀಯೋ ಬಿಡುತ್ತೀಯೋ? ಹೇಳಿದರೆ ಅವನ ಕೆಲಸ ಹೋಗುತ್ತದೆ, ಮಕ್ಕಳ ಊಟ ಹೋಗುತ್ತದೆ, ನೀನು ಚಾಡಿಕೋರ. ಬಿಟ್ಟರೆ ಕಲ್ಲು ಬೀಳಬಹುದು, ಅವನ ಮೇಲೋ ನಿನ್ನ ಮೇಲೋ. ಅಂದು ನೆಲ ನೋಡಿದ ಆ ಜೊತೆಗಾರ ಮುಂಜಾನೆ ಹೇಳಿರಲಿಲ್ಲ, ಮಧ್ಯಾಹ್ನ ಹೇಳಿದ. ಮುಂಜಾನೆ ಹೇಳಿದ್ದರೆ ಬೆರಳು ಉಳಿಯುತ್ತಿದ್ದವು, ಮಧ್ಯಾಹ್ನ ಸುಮ್ಮನಿದ್ದರೆ ಪರಿಹಾರ ಉಳಿಯುತ್ತಿತ್ತು. ಅವನು ಎರಡು ಸಲವೂ ತಪ್ಪು ಹೊತ್ತಿನಲ್ಲಿ ಪ್ರಾಮಾಣಿಕನಾದ. ಅವನನ್ನು ಬೈಯುವ ಹಕ್ಕು ನನಗಿಲ್ಲ, ನಾನಂತೂ ಆ ಹೊತ್ತಿನ ಗುಮಾಸ್ತ.

ನನಗೆ ತಪ್ಪು ಮತ್ತು ಹೊಣೆ ಎರಡೂ ಬೇರೆ ಎಂದು ಕಾಣುತ್ತದೆ. ತಪ್ಪು ಯಾರದೆಂದು ಕೇಳುವವರು ಒಬ್ಬನ ತಲೆ ಹುಡುಕುತ್ತಾರೆ, ಕಟ್ಟಿ ಕೈ ತೊಳಕೊಳ್ಳುತ್ತಾರೆ. ಹೊಣೆ ಯಾರದೆಂದು ಕೇಳಿದರೆ ಹಲವರು ಸಿಗುತ್ತಾರೆ: ಕುಡಿದವ, ಮಾರಿದವ, ಸೀಳಿದ ಹಲಗೆ ಬದಲಿಸದವ, ಮೂರನೆಯವನನ್ನು ಕಳಿಸಿದವ, ನೋಡಿ ಸುಮ್ಮನಿದ್ದವ, ಬರೆದವ. ಒಬ್ಬನ ಹೊಣೆ ಹೇಳಿದ ಕೂಡಲೆ ಇನ್ನೊಬ್ಬನ ಹೊಣೆ ಇಳಿಯುವುದಿಲ್ಲ. ಕಾಯ್ದೆ ಮಾಡುವ ಅನ್ಯಾಯ ಇದೇ. ಕೂಲಿಯವನ ಹೊಣೆ ಸಿಕ್ಕಿತೋ, ಮಾಲಕನ ಹೊಣೆ ಮನ್ನಾ.

ಕುಡುಕನಿಗೆ ಸ್ವಂತ ಇಚ್ಛೆ ಇದೆಯೋ ಇಲ್ಲವೋ ಎಂದು ಕೇಳುತ್ತಾರೆ. ಯಾವ ಹೊತ್ತಿನಲ್ಲಿ ಎಂದು ಮೊದಲು ಕೇಳಬೇಕು. ವರ್ಷಗಟ್ಟಲೆ ಕುಡಿದವನು ಒಮ್ಮೆಲೆ ಬಿಟ್ಟರೆ ಒಂದೇ ದಿನದಲ್ಲಿ ಕೈ ನಡುಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನದ ಮೇಲೆ ಇಲ್ಲದ್ದು ಕಾಣಬಹುದು, ಜೀವವೇ ಹೋಗಬಹುದು. ಮುಂಜಾನೆಯ ನೈಂಟಿ ಅವನಿಗೆ ಮೋಜಲ್ಲ, ನಡುಗುವ ಕೈಗೆ ಮದ್ದು. ಆ ಕೈಯಿಂದ ಹಾರಿ ಹಿಡಿಯಲಾಗುವುದಿಲ್ಲ. ಕೆಲಸ ಮಾಡಲಿಕ್ಕಾಗಿಯೇ ಕುಡಿಯುತ್ತಾನೆ.

ಗಡಿ ದಾಟಿ ಬರುವ ಕಲಬೆರಕೆ ಸೇಂದಿಯದು ಇನ್ನೂ ಘೋರ. ಅದರಲ್ಲಿ ಸಿಎಚ್ ಪೌಡರ್ ಕಲಸುತ್ತಾರೆ. ಅದು ಕ್ಲೋರಲ್ ಹೈಡ್ರೇಟ್, ಹತ್ತೊಂಬತ್ತನೆಯ ಶತಮಾನದಲ್ಲಿ ಡಾಕ್ಟರರು ನಿದ್ದೆ ಬರಿಸಲು ಕೊಡುತ್ತಿದ್ದ ಔಷಧ. ಈಗ ಆಲ್‌ಪ್ರಾಜೋಲಾಂ ಗುಳಿಗೆಯ ಪುಡಿಯನ್ನೂ ಹಾಕುತ್ತಾರೆ. ಈಚಲ ಮರದ ರಸ ಅದರಲ್ಲಿ ಹೆಸರಿಗೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆಯ ಮೇಲೆ ದಾಳಿ ನಡೆದು ಸರಬರಾಜು ನಿಂತಾಗ ನಿಜಾಮಾಬಾದ್, ಮಹಬೂಬನಗರದ ದವಾಖಾನೆಗಳಿಗೆ ಜನ ನಡುಗುತ್ತ, ಏನೇನೋ ಬಡಬಡಿಸುತ್ತ, ನಾಲಗೆ ಕಚ್ಚಿಕೊಳ್ಳುತ್ತ ಬಂದರು. ಆ ಹೊತ್ತಿನಲ್ಲಿ ಅವರಿಗೆ ಶೀಲ ಬೋಧಿಸಿ ಫಲವಿಲ್ಲ, ಸಲೈನ್ ಬೇಕು. ಆದರೆ ದವಾಖಾನೆಯಿಂದ ಎದ್ದ ಮೇಲೆ, ಕೈ ನಡುಕ ನಿಂತ ಮೇಲೆ, ಒಂದು ಹೊತ್ತು ಬರುತ್ತದೆ. ಆಗ ಅವನು ಅವನೇ. ಆಗ ಅವನ ಜೊತೆ ಮನುಷ್ಯನ ಜೊತೆ ಮಾತಾಡಿದ ಹಾಗೆ ಮಾತಾಡಬಹುದು, ಬೈಯಲೂಬಹುದು. ಆ ಹೊತ್ತಿನಲ್ಲಿ ಅವನ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎಂಬುದರ ಮೇಲೆ ಬಹಳ ನಿಂತಿದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1995ರಲ್ಲಿ ಕೆಲಸದ ಜಾಗದ ಕುಡಿತ, ಮಾದಕ ವಸ್ತುಗಳ ಬಗ್ಗೆ ಒಂದು ಸಂಹಿತೆ ರೂಪಿಸಿತು. ಬೇರೆ ಯಾವುದೇ ಜಡ್ಡಿನ ಹಾಗೆ ಇದನ್ನೂ ಜಡ್ಡೆಂದು ತಿಳಿಯಿರಿ, ಚಿಕಿತ್ಸೆಗೆ ಹೋದವನ ಕೆಲಸ ಕಸಿಯಬೇಡಿ, ಗುಟ್ಟು ಕಾಪಾಡಿ ಎಂದಿದೆ. ನಮ್ಮ ದೇಶದ ಮಾದರಿ ಸ್ಥಾಯಿ ಆದೇಶಗಳು, 1946ರ ಕಾಯ್ದೆಯ ಕೂಸು, ಕೆಲಸದ ಹೊತ್ತಿನ ಕುಡಿತವನ್ನು ದುರ್ನಡತೆಯ ಪಟ್ಟಿಗೆ ಸೇರಿಸಿದ್ದವು. ಜಡ್ಡೋ ದುರ್ನಡತೆಯೋ? ಕಾಯಂ ನೌಕರನಿಗೆ ಕಾರ್ಖಾನೆಯ ಡಾಕ್ಟರಿದ್ದಾನೆ, ಸಂಘವಿದೆ, ಅವನದು ಹೇಗೋ ಜಡ್ಡಾಗುತ್ತದೆ. ಹಾಜರಿ ಪುಸ್ತಕದಲ್ಲೇ ಹೆಸರಿಲ್ಲದ ಖಣಿಯ ಕೂಲಿಯದು ದುರ್ನಡತೆಯೇ.

ಸೇಡಂ ಕಡೆಯ ಒಂದು ಖಣಿಯಲ್ಲಿ ಒಂದು ತಂಡ ಮಾಡಿದ್ದನ್ನು ಕೇಳಿ ಹೇಳುತ್ತೇನೆ. ಆರು ಮಂದಿ, ಎತ್ತಿದ ಕಲ್ಲಿನ ಲೆಕ್ಕದ ಮೇಲೆ ಕೂಲಿ, ಸಮ ಪಾಲು. ಒಬ್ಬನ ಕಾಲು ಮುರಿದ ಮೇಲೆ ತಮ್ಮೊಳಗೇ ಒಂದು ಕಟ್ಟಳೆ ಮಾಡಿಕೊಂಡರು. ಕುಡಿದು ಬಂದವನನ್ನು ತಗ್ಗಿಗೆ ಇಳಿಸುವುದಿಲ್ಲ. ಮುಕಾದಮನಿಗೆ ಹೇಳುವುದೂ ಇಲ್ಲ. ಮೇಲೆ ನೆರಳಿನಲ್ಲಿ ಕಲ್ಲು ಎಣಿಸುವ ಕೆಲಸ, ಅಂದು ಅರ್ಧ ಪಾಲು, ಆ ಅರ್ಧವೂ ಅವನ ಹೆಂಡತಿಯ ಕೈಗೆ. ಮೂರು ಸಲ ಹಾಗಾದರೆ ಇಬ್ಬರು ಕೂಲಿ ಬಿಟ್ಟು ಅವನನ್ನು ಕಲಬುರಗಿ ದವಾಖಾನೆಗೆ ಕರಕೊಂಡು ಹೋಗಬೇಕು. ಹೀಗೆ ಇಬ್ಬರನ್ನು ಕರಕೊಂಡು ಹೋದರು. ಒಬ್ಬ ಬಿಟ್ಟ. ಇನ್ನೊಬ್ಬ ದಾರಿಯಲ್ಲೇ ಬಸ್ಸಿಳಿದು ಹೋದ, ಆಮೇಲೆ ಖಣಿಗೂ ಬರಲಿಲ್ಲ. ಎರಡು ವರ್ಷಕ್ಕೆ ತಂಡವೂ ಒಡೆಯಿತು, ಖಣಿ ಮುಚ್ಚಿತು. ದೊಡ್ಡ ಗೆಲುವೇನಲ್ಲ. ಆದರೆ ಹೇಳಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ ಅವರು ಮೂರನೆಯ ದಾರಿ ಕಂಡಿದ್ದರು. ಹೇಳುವುದು ಸರಿ, ಆದರೆ ಯಾರಿಗೆ? ಅವನಿಗೇ, ಅವನ ಮುಖಕ್ಕೇ, ಏಣಿಯ ಬುಡದಲ್ಲಿ.

1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ಕೂಗಿದಾಗ ಅದರಲ್ಲಿ ಬೇಡ ಮತ್ತು ಬೇಕು ಎರಡೂ ಇದ್ದವು. ನೆಲ್ಲೂರಿನ ದೂಬಗುಂಟದ ಹೆಂಗಸರು ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಯುತ್ತಲೇ 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದರು. ಆಂಧ್ರದಲ್ಲಿ 1993ರಲ್ಲಿ ಸಾರಾಯಿ ಹೋಯಿತು, 1995ರಲ್ಲಿ ಪೂರ್ತಿ ನಿಷೇಧ ಬಂತು, 1997ರಲ್ಲಿ ಸಡಿಲಾಯಿತು. ನಮ್ಮ ಹಳ್ಳಿಗಳ ಹೆಂಗಸರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತ ನಡೆದೇ ಹೋದರು. ಸರ್ಕಾರ ಕೇಳಿಸಿಕೊಂಡಿತು, ಗುರಿ ಏರಿಸಿತು. ನಿಷೇಧ ಹೇರುವುದರ ಬಗ್ಗೆ ನನಗಿರುವ ಅನುಮಾನವನ್ನು ಆ ಹೆಂಗಸರ ಮುಂದೆ ಹೇಳುವ ಧೈರ್ಯ ನನಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಹೇರಿಕೆ ಎಂದು ನಾನು ಹೇಳುವುದು ಅವರಿಗೆ ಒಂದು ರಾತ್ರಿಯ ನಿದ್ದೆ.

*

ಆ ಹೇಳಿಕೆಯ ಕಥೆ ಪೂರ್ತಿ ಮಾಡಬೇಕು. ಬೆರಳು ಹೋದ ಆರು ತಿಂಗಳಿಗೆ ಅವನ ಹೆಂಡತಿ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದಳು. ನಾನು ಮುಖ ತಪ್ಪಿಸಿ ದಾಖಲಾತಿ ಪುಸ್ತಕ ನೋಡುತ್ತ ಕೂತೆ. ಅವನು ಬಡತನಕ್ಕೆ ಕುಡಿದ, ಅವನದೇನೂ ತಪ್ಪಿಲ್ಲ ಎಂದು ಏನೋ ಸಮಾಧಾನ ಹೇಳಲು ಹೋದೆ. ಅವಳು ತಡೆದಳು.

"ಅವಂದು ತಪ್ಪಿಲ್ಲಂತ ಹೇಳಬ್ಯಾಡ್ರಿ ಸರ. ಅವಂದು ತಪ್ಪದ, ನಂಗೊತ್ತದ. ಕುಡದಿದ್ದು ಖರೇ. ಹಲಗಿ ಸೀಳಿದ್ದೂ ಖರೇ ಅಲ್ಲೇನ್ರಿ? ನೀವು ಒಂದು ಖರೇ ಬರದ್ರಿ, ಇನ್ನೊಂದು ಯಾಕ ಬಿಟ್ರಿ?"

ಉತ್ತರ ಕೊಡಲಿಲ್ಲ. ಮಗಳ ಹುಟ್ಟಿದ ತಾರೀಕು ಕೇಳಿದೆ.

2018ರ ಶಿಬಿರದಿಂದ ಬಂದ ಮೇಲೆ ಅವರ ಮನೆಗೆ ಹೋದೆ. ಅವನು ಎಡಗೈಯಲ್ಲಿ ಬೀಡಿ ಹಚ್ಚುವುದು ಕಲಿತಿದ್ದ. ಕುಡಿಯುವುದು ಬಿಟ್ಟಿರಲಿಲ್ಲ, ಕಡಿಮೆ ಮಾಡಿದ್ದ, ಹಾಗಂತ ಅವನು ಹೇಳಿದ, ಹೆಂಡತಿ ಹೂಂ ಅನ್ನಲಿಲ್ಲ. ಪರಿಹಾರಕ್ಕೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, ಸಕಾರಣವಿದ್ದರೆ ತಡವನ್ನು ಮನ್ನಿಸಬಹುದು ಎಂದು ವಕೀಲರು ಹೇಳಿದ್ದರು. ಅಂಗಳದಲ್ಲಿ ಕೂತು ಬರೆದೆ. ಕುಡಿದಿದ್ದ ಎಂದೂ ಬರೆದೆ. ಎಷ್ಟು, ಯಾವ ಹೊತ್ತಿಗೆ, ಆಮೇಲೆ ಎಷ್ಟು ತಾಸು ಕೆಲಸ ಮಾಡಿದ, ಎಷ್ಟು ಕಲ್ಲು ಏರಿಸಿದ, ಹಲಗೆ ಎಲ್ಲಿ ಸೀಳಿತ್ತು, ಮೂರನೆಯವ ಎಲ್ಲಿದ್ದ, ಕೊಡದಲ್ಲಿ ನೀರು ಎಷ್ಟಿತ್ತು. ನಾಲ್ಕು ಪುಟವಾಯಿತು. ವಿಳಂಬಕ್ಕೆ ಕಾರಣ ಎಂಬ ಕಡೆ ಬಂದು ನಿಂತೆ. ಅವನು, "ನಾವು ಅಡಾಣಿ ಮಂದಿ, ಗೊತ್ತಿದ್ದಿಲ್ಲ ಅಂತ ಬರೀರಿ" ಅಂದ. ನಾನು ಬರೆದೆ: ಮೊದಲ ಹೇಳಿಕೆ ಬರೆದ ಶಿಕ್ಷಕನು ತಾನು ಕಂಡದ್ದನ್ನು ಪೂರ್ತಿ ಬರೆದಿರಲಿಲ್ಲ. ಕೆಳಗೆ ಸಹಿ ಮಾಡಿದೆ.

ಗುತ್ತೇದಾರನಿಗೆ ಹೋದ ನೋಟೀಸು ಎರಡು ಸಲ ತಿರುಗಿ ಬಂತು. ಸದರಿ ವಿಳಾಸದಲ್ಲಿ ಇಲ್ಲ ಎಂದು ಟಪಾಲಿನವನು ಬರೆದಿದ್ದ.